ಹೆಬ್ಬೆರಳ ಉಂಗುರಕ್ಕೆ ತಕ್ಕ ಬಾಣ

ಹೈದರಾಬಾದಿನ ಕುಷಾಯಿಗೂಡದಲ್ಲಿ ಬಸ್ಸು ಹತ್ತಿ ಅಫ್ಜಲ್‌ಗಂಜ್‌ನಲ್ಲಿ ಇಳಿದು ಮೂಸಿ ಸೇತುವೆ ದಾಟಿದರೆ ಸಾಲಾರ್ ಜಂಗ್ ಮ್ಯೂಸಿಯಂ. ಜನ ಸೇರುವುದು ಗಂಟೆ ಬಾರಿಸುವ ಗಡಿಯಾರದ ಮುಂದೆ, ಮುಸುಕಿನ ರೆಬೆಕ್ಕಳ ಪ್ರತಿಮೆಯ ಮುಂದೆ. ನಾನು ಹುಡುಕಿಕೊಂಡು ಹೋಗುವುದು ಜೇಡ್ ಕಲ್ಲಿನ ಒಂದು ಪುಟ್ಟ ಉಂಗುರವನ್ನು.

ಅದು ಬಿಲ್ಲುಗಾರನ ಹೆಬ್ಬೆರಳಿನದು. ಮೇಲೆ ಷಹಜಹಾನನ ಬಿರುದು ‘ಸಾಹಿಬ್-ಎ-ಕಿರಾನ್-ಎ-ಸಾನಿ’. ಕಾಲ ಹಿಜರಿ 1040, ಅಂದರೆ 1630–31. ಬಾದಶಹ ಆಗ ದಖ್ಖನಿನ ಯುದ್ಧಕ್ಕೆಂದು ಬುರ್ಹಾನ್‌ಪುರದಲ್ಲಿ ಬೀಡುಬಿಟ್ಟಿದ್ದ. ಮೊಘಲರ ಕಾಲದ ಇಂಥ ಉಂಗುರಗಳ ಒಂದು ಬದಿ ನಾಲಿಗೆಯಂತೆ ಚಾಚಿಕೊಂಡು ಬೆರಳಿನ ಒಳಮೈಯನ್ನು ಕಾಯುತ್ತದೆ. ಹೆಬ್ಬೆರಳು ಹೆದೆಯನ್ನು ಕೊಕ್ಕೆ ಹಾಕಿ ಹಿಡಿಯುತ್ತದೆ, ತೋರುಬೆರಳು ಅದರ ಮೇಲೆ ಬೀಗ ಜಡಿಯುತ್ತದೆ. ಬಿಟ್ಟ ಗಳಿಗೆಯಲ್ಲಿ ಹೆದೆ ಚರ್ಮವನ್ನು ಸೀಳದೆ ನುಣುಪಾದ ಕಲ್ಲಿನ ಮೇಲಿಂದ ಜಾರುತ್ತದೆ. ದ್ರೋಣ ಏಕಲವ್ಯನಿಂದ ಕೇಳಿದ್ದು ಯಾಕೆ ಅದೇ ಬೆರಳು ಎಂಬುದು ಇಲ್ಲಿ ನಿಂತಾಗ ಮನಸ್ಸಿಗೆ ನಾಟುತ್ತದೆ.

ಯುರೋಪಿನಲ್ಲಿ ಬೆಳೆದದ್ದು ಮೂರು ಬೆರಳಿನ ಸೆಳೆತ. ಬಲಗೈಯವರಿಗೆ ಅದರಲ್ಲಿ ಬಾಣ ಬಿಲ್ಲಿನ ಎಡಕ್ಕೆ ಕೂರುತ್ತದೆ. ಹೆಬ್ಬೆರಳಿನ ಸೆಳೆತದಲ್ಲಿ ಬಲಕ್ಕೆ. ಕೈಯ ತಿರುವೇ ಬಾಣವನ್ನು ಬಿಲ್ಲಿಗೆ ಒತ್ತಿ ಹಿಡಿಯುವುದರಿಂದ ಓಡುವ ಕುದುರೆಯ ಮೇಲೂ ಅದು ಸುಲಭಕ್ಕೆ ಜಾರದು.

ಸೆಳೆತ ಬದಲಾದರೆ ಬಾಣದ ಆಯ್ಕೆಯೂ ಬದಲಾಗುತ್ತದೆ. ಹೆದೆ ಬಿಲ್ಲಿನ ನಡುವಿಗೆ ಧಾವಿಸುತ್ತದೆ, ಬಾಣ ಮಾತ್ರ ಪಕ್ಕದಿಂದ ಹೊರಡಬೇಕು. ಹಾಗಾಗಿ ಅದು ಬಳುಕಿ ಬಿಲ್ಲನ್ನು ಬಳಸಿಕೊಂಡು ಹೋಗುತ್ತದೆ. ಅಮೆರಿಕದ ಕ್ಲಾರೆನ್ಸ್ ಹಿಕ್‌ಮನ್ 1930ರ ದಶಕದಲ್ಲಿ ಇದನ್ನು ಅತಿವೇಗದ ಕ್ಯಾಮೆರಾದಲ್ಲಿ ಸೆರೆಹಿಡಿದರು. ಬಾಣ ತೀರ ಪೆಡಸಾದರೆ ತಾನು ಕೂತ ಬದಿಗೇ ಸಿಡಿಯುತ್ತದೆ, ಮೆತ್ತಗಾದರೆ ಎದುರು ಬದಿಗೆ. ಈ ಪೆಡಸಿಗೆ ಬಿಲ್ಲುಗಾರರು ಹೇಳುವ ಹೆಸರು ಸ್ಪೈನ್. ಮರದ ಬಾಣವಾದರೆ ಮನೆಯಲ್ಲೇ ಅಳೆಯಬಹುದು: 26 ಅಂಗುಲ ಅಂತರದ ಎರಡು ಆಧಾರಗಳ ಮೇಲೆ ಕಡ್ಡಿಯನ್ನಿಟ್ಟು ನಡುವೆ 2 ಪೌಂಡ್ ತೂಗುಹಾಕಬೇಕು, ಎಷ್ಟು ಅಂಗುಲ ಬಾಗಿತೋ ಅದರಿಂದ 26ನ್ನು ಭಾಗಿಸಬೇಕು. 0.52 ಅಂಗುಲ ಬಾಗಿದರೆ ಅದು 50 ಪೌಂಡಿನ ಬಿಲ್ಲಿಗೆ ತಕ್ಕ ಬಾಣ. ಉದ್ದ ಹೆಚ್ಚಿದರೆ, ಮೊನೆಯ ಭಾರ ಹೆಚ್ಚಿದರೆ ಬಾಣ ಮೆತ್ತಗಾಗುತ್ತದೆ. ಹೆಬ್ಬೆರಳಿನವರು ಹೆದೆಯನ್ನು ಕಿವಿಯ ಆಚೆಗೂ ಎಳೆಯುತ್ತಾರೆ, ಅವರ ಬಾಣ ಉದ್ದ. ಅದಕ್ಕೆ ಪೆಡಸು ಕಡ್ಡಿಯೇ ಬೇಕು. ಇಸಿಐಎಲ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ನೆರೆಯಲ್ಲಿ ಬೆಳೆದ ಕುಷಾಯಿಗೂಡದ ಹುಡುಗರಿಗೆ ಈ ಲೆಕ್ಕವನ್ನು ಯಾರಾದರೂ ಮಾಡಿ ತೋರಿಸಬೇಕು.

ಹೆಬ್ಬೆರಳಿನಿಂದಲೇ ಹೆದೆ ಎಳೆಯುವ ಟರ್ಕಿಯ ಸಾಂಪ್ರದಾಯಿಕ ಬಿಲ್ವಿದ್ಯೆ 2019ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಕೊರಿಯಾದಲ್ಲಿ ಹೆಬ್ಬೆರಳ ಸೆಳೆತ ಇಂದಿಗೂ ಜೀವಂತ. ನಮ್ಮ ತರಬೇತಿ ಮೈದಾನಗಳಲ್ಲಿ ಒಲಿಂಪಿಕ್ಸ್ ಬಿಲ್ಲು ಹಿಡಿದವರು ಕಲಿಯುವುದು ಮೂರು ಬೆರಳಿನದನ್ನೇ. ಮ್ಯೂಸಿಯಂನಲ್ಲಿ ಉಂಗುರದ ಪಕ್ಕ ಒಂದು ಮರದ ಕೈ, ಕೈಯಲ್ಲಿ ಹೆದೆ, ಹೆದೆಗೆ ಹೂಡಿದ ಒಂದು ಬಿದಿರ ಬಾಣ ಇಟ್ಟಿದ್ದರೆ ಸಾಕಿತ್ತು. ಶಾಲೆಯ ಮಕ್ಕಳು ಅದನ್ನು ಬರೀ ಒಡವೆ ಎಂದುಕೊಂಡು ಮುಂದೆ ಹೋಗುತ್ತಿರಲಿಲ್ಲ.