ಊಟವೇ ಪಾಠವಾದಾಗ

ಬ್ರೆಡ್ಡಿಗೆ ಬೆಣ್ಣೆ ಸವರಿಕೊಂಡು ತಿನ್ನುವುದನ್ನು ಯಾರಾದರೂ ಆಸ್ಪತ್ರೆಗೆ ಹೋಗಿ ಕಲಿಯುವುದುಂಟೇ? ಉಂಟು. ಬ್ರಿಟನ್ನಿನಲ್ಲಿ ಆಹಾರ ಸೇವನೆಗೆ ಸಂಬಂಧಿಸಿದ ಮನೋರೋಗಗಳಿಗೆ ಚಿಕಿತ್ಸೆ ನೀಡುವ ಹಲವು ಕೇಂದ್ರಗಳಲ್ಲಿ ಔಷಧದ ಕಪಾಟಿಗಿಂತ ಮುಖ್ಯವಾದ ಒಂದು ಕೋಣೆಯಿದೆ. ಅದು ಅಡುಗೆಮನೆ! ಒಲೆ, ಫ್ರಿಜ್, ಒಂದು ಮೇಜು, ನಾಲ್ಕಾರು ಕುರ್ಚಿ. ಅಲ್ಲಿಗೆ ಬರುವವರಲ್ಲಿ ಹದಿಹರೆಯದ ಹುಡುಗಿಯರು ಹೆಚ್ಚು, ಹುಡುಗರೂ ಇದ್ದಾರೆ. ಅವರು ವಾರ್ಡಿನಲ್ಲಿ ಮಲಗಿದ ರೋಗಿಗಳಲ್ಲ. ಮನೆಯಿಂದ ಬಂದು, ಒಂದೆರಡು ಗಂಟೆ ಇದ್ದು, ಮನೆಗೆ ಹಿಂದಿರುಗುವ ಹೊರರೋಗಿಗಳು.

ಈ ರೋಗಗಳಲ್ಲಿ ಬಹಳ ಹಿಂದೆಯೇ ಗುರುತಿಸಲ್ಪಟ್ಟದ್ದು ಅನೊರೆಕ್ಸಿಯಾ ನರ್ವೋಸಾ. 1873ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಗಲ್ ಅದನ್ನು ವಿವರಿಸಿದ. ಅದೇ ವರ್ಷ ಪ್ಯಾರಿಸ್ಸಿನಲ್ಲಿ ಚಾರ್ಲ್ಸ್ ಲಾಸೆಗ್ ಕೂಡ. ನರಗಳ ಕಾರಣದಿಂದ ಹಸಿವಿಲ್ಲದಿರುವುದು ಎಂದು ಆ ಹೆಸರಿನ ಅರ್ಥ. ಹೆಸರು ಅಷ್ಟು ಸರಿಯಿಲ್ಲ. ಹಸಿವು ಸತ್ತಿರುವುದಿಲ್ಲ, ಸಾಮಾನ್ಯವಾಗಿ ದಪ್ಪಗಾಗುವ ಭಯ ಅದನ್ನು ತುಳಿದು ಕುಳಿತಿರುತ್ತದೆ. ಇನ್ನೊಂದು ಬುಲಿಮಿಯಾ. 1979ರಲ್ಲಿ ಜೆರಾಲ್ಡ್ ರಸೆಲ್ ಗುರುತಿಸಿದ ಈ ರೋಗದಲ್ಲಿ ಒಮ್ಮೆಗೇ ಮಿತಿಮೀರಿ ತಿಂದು, ಬಳಿಕ ಬಲವಂತದಿಂದ ವಾಂತಿ ಮಾಡುವುದು ಸಾಮಾನ್ಯ. ಜಠರದ ಆಮ್ಲ ಹಲ್ಲಿನ ಎನಾಮಲನ್ನು ಸವೆಸುತ್ತದೆ. ರಕ್ತದಲ್ಲಿ ಪೊಟಾಸಿಯಂ ಇಳಿದರೆ ಹೃದಯದ ಬಡಿತ ಏರುಪೇರಾಗುತ್ತದೆ. ಅಮೆರಿಕದ ಹೆಸರಾಂತ ಗಾಯಕಿ ಕರೆನ್ ಕಾರ್ಪೆಂಟರ್ 1983ರಲ್ಲಿ, 32ನೆಯ ವಯಸ್ಸಿಗೇ, ತೀರಿಕೊಂಡದ್ದು ಅನೊರೆಕ್ಸಿಯಾ ತಂದ ಹೃದಯದ ತೊಂದರೆಯಿಂದ. ಇದನ್ನು ಫ್ಯಾಷನ್ನಿನ ಹುಚ್ಚು ಎಂದು ತಳ್ಳಿಹಾಕುವವರು ಗಮನಿಸಬೇಕಾದ ಸಂಗತಿ.

ಮಿನ್ನೆಸೋಟದ 36 ಯುವಕರು

‘ಹಠ ಬಿಟ್ಟು ತಿನ್ನಬಾರದೇ?’ ಎಂದು ಮನೆಯವರು ಕೇಳುವುದು ಸಹಜ. ಇದಕ್ಕೆ ಉತ್ತರದ ಒಂದು ಭಾಗ ಹಳೆಯ ಪ್ರಯೋಗವೊಂದರಲ್ಲಿದೆ. 1944-45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಎಂಬ ವಿಜ್ಞಾನಿ 36 ಆರೋಗ್ಯವಂತ ಯುವಕರನ್ನು ಆರಿಸಿಕೊಂಡ. ಯುದ್ಧದಲ್ಲಿ ಕೋವಿ ಹಿಡಿಯಲು ಒಪ್ಪದ ಅವರು ಇಷ್ಟಪಟ್ಟೇ ಬಂದವರು. ಸುಮಾರು ಆರು ತಿಂಗಳು ಅವರಿಗೆ ಸಿಕ್ಕಿದ್ದು ಎಂದಿನ ಆಹಾರದ ಅರ್ಧದಷ್ಟು. ತೂಕದಲ್ಲಿ ಕಾಲುಭಾಗದಷ್ಟು ಇಳಿಯಿತು. ಸೋಜಿಗ ಅದಲ್ಲ. ಗಟ್ಟಿಮುಟ್ಟಾದ ಆ ಗಂಡಸರಲ್ಲಿ ಕೆಲವರು ಅಡುಗೆ ಪುಸ್ತಕಗಳನ್ನು ಸಂಗ್ರಹಿಸತೊಡಗಿದರು! ತಟ್ಟೆ ನೆಕ್ಕಿದರು, ತುತ್ತನ್ನು ಚೂರುಚೂರು ಮಾಡಿ ಬಹಳ ಹೊತ್ತು ಉಂಡರು, ಜನರಿಂದ ದೂರವಾದರು, ಮಂಕಾದರು. ಹೊಟ್ಟೆತುಂಬ ಊಟ ಸಿಕ್ಕಿದ ಮೇಲೂ ಸರಿಹೋಗಲು ಹಲವರಿಗೆ ತಿಂಗಳುಗಳೇ ಹಿಡಿದವು. ತೆಳ್ಳಗಾಗಬೇಕೆಂದು ಈ ಪ್ರಯೋಗಕ್ಕೆ ಬಂದವರಲ್ಲ ಅವರು. ಅಂದರೆ, ಉಪವಾಸವೇ ಮನಸ್ಸನ್ನು ತಿರುಚುತ್ತದೆ. ಅನೊರೆಕ್ಸಿಯಾದಲ್ಲಿ ಹಾಗೆ ತಿರುಚಿದ ಮನಸ್ಸು ಉಪವಾಸವನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಳ್ಳುತ್ತದೆ.

ಈ ಸುತ್ತನ್ನು ಬಿಡಿಸುವ ತಂಡದಲ್ಲಿ ಮನೋವೈದ್ಯರು, ಮನಶ್ಶಾಸ್ತ್ರಜ್ಞರು, ಆಹಾರ ತಜ್ಞರ ಜೊತೆಗೆ ಆಕ್ಯುಪೇಷನಲ್ ಥೆರಪಿ ಬಲ್ಲವರೂ ಇರುತ್ತಾರೆ. ಕನ್ನಡದಲ್ಲಿ ಇದನ್ನು ‘ಔದ್ಯೋಗಿಕ ಚಿಕಿತ್ಸೆ’ ಎನ್ನುವುದುಂಟು. ಕೇಳಿದವರು ಕೆಲಸ ಕೊಡಿಸುವ ಕಚೇರಿ ಎಂದುಕೊಂಡಾರು! ಇಲ್ಲಿ ಉದ್ಯೋಗವೆಂದರೆ ಸಂಬಳದ ನೌಕರಿಯಷ್ಟೇ ಅಲ್ಲ. ಸ್ನಾನ, ಅಡುಗೆ, ಓದು, ಆಟ, ಸಂತೆ ಹೀಗೆ ಮನುಷ್ಯ ದಿನವಿಡೀ ತೊಡಗಿಕೊಳ್ಳುವುದೆಲ್ಲವೂ. ‘ಕಾಯಕ’ ಎಂಬ ಪದವೇ ಹೆಚ್ಚು ಒಪ್ಪೀತು. ಅಮೆರಿಕದಲ್ಲಿ 1917ರಲ್ಲಿ ಸಂಘಟಿತವಾದ ಈ ವೃತ್ತಿಗೆ ಭಾರತದಲ್ಲಿ ನೆಲೆ ಸಿಕ್ಕಿದ್ದು 1950ರಲ್ಲಿ, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಕಮಲಾ ನಿಂಬ್ಕರ್ ಆರಂಭಿಸಿದ ಶಾಲೆಯಿಂದ.

ಗಂಟೆಗಳ ಲೆಕ್ಕ

ಸಾಮಾನ್ಯವಾಗಿ ಮೊದಲ ಪಾಠ ಊಟದ್ದಲ್ಲ, ವೇಳೆಯದು. ಕಳೆದ ವಾರ ಯಾವ ಗಂಟೆ ಹೇಗೆ ಕಳೆಯಿತೆಂದು ರೋಗಿಯೇ ಬರೆಯಬೇಕು. ಕ್ಯಾಲೊರಿ ಲೆಕ್ಕ, ಕನ್ನಡಿ, ತೂಕದ ಯಂತ್ರ, ಗುಟ್ಟಾಗಿ ಮಾಡುವ ವ್ಯಾಯಾಮಗಳೇ ದಿನವನ್ನು ನುಂಗಿರುತ್ತವೆ. ಚಿತ್ರ ಬರೆಯುತ್ತಿದ್ದ ಹುಡುಗಿ ಕುಂಚ ಮುಟ್ಟಿ ವರ್ಷವಾಗಿರಬಹುದು. ಕಾಯಿಲೆ ಬಿಟ್ಟುಹೋದರೆ ಆ ಖಾಲಿ ಗಂಟೆಗಳಲ್ಲಿ ಏನು ಮಾಡುವುದೆಂಬುದಕ್ಕೆ ಉತ್ತರ ಸಿಗದಿದ್ದರೆ ಕಾಯಿಲೆಯನ್ನು ಬಿಡುವ ಧೈರ್ಯವೂ ಬರುವುದಿಲ್ಲ.

ಬಳಿಕ ಮೆಟ್ಟಿಲು ಮೆಟ್ಟಿಲಾಗಿ ಸಾಗಬೇಕು. ಮೊದಲು ಚಿಕಿತ್ಸಕಿಯ ಜೊತೆ ಕುಳಿತು ಒಂದು ತಿಂಡಿ. ಆಮೇಲೆ ತಕ್ಕಡಿಯಿಲ್ಲದೆ, ಕಣ್ಣಂದಾಜಿನಲ್ಲಿ ಅಡುಗೆ. ಅಂಗಡಿಗೆ ಹೋಗಿ, ಪೊಟ್ಟಣದ ಹಿಂಬದಿಯ ಅಂಕಿಗಳನ್ನು ಓದದೆ ಸಾಮಾನು ತರುವುದು. ಕಾಲೇಜಿನ ಕ್ಯಾಂಟೀನಿನಲ್ಲಿ ಗೆಳತಿಯರ ನಡುವೆ ಊಟ. ಅಳತೆ ಬದಲಾದ ಮೈಗೆ ಹೊಸ ಬಟ್ಟೆ ಕೊಳ್ಳುವುದಂತೂ ಬಹಳ ಕಠಿಣ ಮೆಟ್ಟಿಲು. ಹೆಜ್ಜೆ ಇಡುವ ಮುಂಚೆ ಭಯ ಹತ್ತಕ್ಕೆ ಎಷ್ಟಿತ್ತು, ಆಮೇಲೆ ಎಷ್ಟಾಯಿತು ಎಂದು ಅಂಕ ಹಾಕಿಕೊಳ್ಳುವುದೂ ಉಂಟು.

ಮನೆಗೆ ಹೋಗಿ ಬರುವ ಚಿಕಿತ್ಸೆಯ ಬೆಲೆ ಇಲ್ಲಿದೆ. ವಾರ್ಡಿನಲ್ಲಿ ಬೇರೆಯವರು ಬಡಿಸಿದ್ದನ್ನು ಉಂಡು ತೂಕ ಹೆಚ್ಚಿಸಿಕೊಂಡವಳು, ಮನೆಯಲ್ಲಿ ಅದೇ ಅಡುಗೆಮನೆ, ಅದೇ ಕನ್ನಡಿ ಎದುರಾದಾಗ ಮತ್ತೆ ಜಾರುವುದು ಅಪರೂಪವಲ್ಲ. ಹೊರರೋಗಿ ಮಂಗಳವಾರ ಕಲಿತದ್ದನ್ನು ಬುಧವಾರವೇ ಮನೆಯಲ್ಲಿ ಮಾಡಿ ನೋಡಬಹುದು. ಸೋತರೆ ಆ ಸೋಲೇ ಮುಂದಿನ ವಾರದ ಪಾಠ.

ಇದೊಂದೇ ಸಾಕೆಂದಲ್ಲ. ಬ್ರಿಟನ್ನಿನ 2017ರ ಮಾರ್ಗಸೂಚಿ ಅನೊರೆಕ್ಸಿಯಾ ಇರುವ ಮಕ್ಕಳಿಗೆ ಮೊದಲು ಸೂಚಿಸುವುದು ಕುಟುಂಬವನ್ನೂ ಸೇರಿಸಿಕೊಂಡು ನಡೆಸುವ ಮನೋಚಿಕಿತ್ಸೆಯನ್ನು. ಈ ರೋಗಗಳಲ್ಲಿ ಆಕ್ಯುಪೇಷನಲ್ ಥೆರಪಿಯ ಫಲವನ್ನು ಅಳೆದ ದೊಡ್ಡ ಅಧ್ಯಯನಗಳೂ ಕಡಿಮೆ. ತಲೆಸುತ್ತಿ ಬೀಳುವುದು, ನಾಡಿ ತೀರಾ ನಿಧಾನವಾಗುವುದು, ತೂಕ ಭರದಿಂದ ಇಳಿಯುವುದು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಬಹುದಿನ ಉಪವಾಸವಿದ್ದವರಿಗೆ ಒಮ್ಮೆಲೇ ಹಬ್ಬದೂಟ ಬಡಿಸುವುದೂ ಅಪಾಯ! ಏರಿದ ಇನ್ಸುಲಿನ್ ರಕ್ತದ ಫಾಸ್ಫೇಟನ್ನು ಜೀವಕೋಶಗಳೊಳಕ್ಕೆ ಸೆಳೆದುಬಿಡುವುದರಿಂದ ಹೃದಯವೇ ಸೋಲಬಹುದು. ತೀರಾ ಸೊರಗಿದವರಿಗೆ ವೈದ್ಯರು ರಕ್ತ ಪರೀಕ್ಷಿಸುತ್ತ ಆಹಾರ ಹೆಚ್ಚಿಸುವುದು ಅದಕ್ಕಾಗಿ.

ಭಾರತದಲ್ಲಿ ಈ ಕಾಯಿಲೆ ವೇಷ ಮರೆಸಿಕೊಂಡು ಬರುವುದುಂಟು. ಕೆಲವರು ದಪ್ಪಗಾಗುವ ಮಾತನ್ನೇ ಎತ್ತುವುದಿಲ್ಲ. ಹೊಟ್ಟೆಯುಬ್ಬರ, ಊಟ ಸೇರದು ಎನ್ನುತ್ತ ಹೊಟ್ಟೆಯ ಡಾಕ್ಟರರನ್ನು ಸುತ್ತುತ್ತಾರೆ. ಶನಿವಾರದ ಒಪ್ಪತ್ತಿನ ಹೆಸರಿನಲ್ಲಿ ಊಟ ತಪ್ಪಿದರೆ ಅನುಮಾನ ಪಡುವವರಾದರೂ ಯಾರು? ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮನೋವೈದ್ಯಕೀಯ ಪುನರ್ವಸತಿ ಸೇವೆಯಿದೆ. ಮಣಿಪಾಲದಲ್ಲಿ ಆಕ್ಯುಪೇಷನಲ್ ಥೆರಪಿ ಪದವಿ ಶಿಕ್ಷಣವಿದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದವರು 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತನಾಡಬಹುದು.

ಊಟದ ಹೊತ್ತಿನಲ್ಲಿ ತೂಕ, ಕ್ಯಾಲೊರಿಗಳ ಮಾತು ಬೇಡ, ಜೊತೆಗೆ ಕುಳಿತು ಉಣ್ಣಿ ಎಂಬುದು ತಂದೆತಾಯಿಗಳಿಗೆ ಸಿಗುವ ಸಲಹೆ. ಚೇತರಿಸಿಕೊಳ್ಳುತ್ತಿರುವ ಹುಡುಗಿಯನ್ನು ಕಂಡು ನೆಂಟರು ಅಕ್ಕರೆಯಿಂದಲೇ ಹೇಳುವ ‘ಈಗ ಮೈ ತುಂಬಿಕೊಂಡಿದ್ದೀಯಮ್ಮ’ ಎಂಬ ಮಾತು ಆ ರಾತ್ರಿಯ ಊಟವನ್ನೇ ತಪ್ಪಿಸಬಲ್ಲದು. ಅದರ ಬದಲು, ಈಗ ಯಾವ ಚಿತ್ರ ಬರೆಯುತ್ತಿದ್ದೀಯ ಎಂದು ಕೇಳಬಹುದು.