ಹೆಡ್ ಪ್ಯಾಕಿಂಗೂ ಮೊದಲ ಎಣ್ಣೆಯೂ

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ಮೋಟಾರಿನ ಎಂಜಿನ್ನಿನ ವಿಷಯವಾಗಿ ಬರೆಯಹೊರಟರೆ ವಾಚಕರು ನಕ್ಕಾರು. ಆದರೆ ನಮ್ಮ ಮನೆಯ ಅನ್ನವು ಬಹಳ ವರ್ಷ ಒಂದು ಅಂಬಾಸಿಡರ್ ಗಾಡಿಯಿಂದ ನಡೆದಿದೆ. ನಮ್ಮ ಕಾಕಾ ಅದನ್ನು ಜಮಖಂಡಿಯಿಂದ ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಿಗೆ ಬಾಡಿಗೆ ಹೊಡೆಯುತ್ತಾರೆ. ಆ ಗಾಡಿಯ ತಯಾರಿಕೆಯೇ 2014ರಲ್ಲಿ ನಿಂತುಹೋಯಿತು. ಆದರೂ ಲಗ್ನದ ಮೆರವಣಿಗೆಗೆ ಅದೇ ಬೇಕೆನ್ನುವವರು ಇನ್ನೂ ಇದ್ದಾರೆ.

ಹೋದ ವರ್ಷ ಎಂಜಿನ್ನು ಹೊಗೆಯುಗುಳತೊಡಗಿತು. ಕಬ್ಬಿನ ಬಿಲ್ಲಿನ ಹಣವನ್ನೆಲ್ಲ ಹಾಕಿ ಸಿಲಿಂಡರು ಬೋರ್ ಮಾಡಿಸಿ, ಪಿಸ್ಟನ್ನು, ರಿಂಗು, ಬೇರಿಂಗುಗಳನ್ನು ಹೊಸದಾಗಿ ಹಾಕಿಸಿದೆವು. ಲಗ್ನದ ಬಾಡಿಗೆ ಒಪ್ಪಿಕೊಂಡಾಗಿತ್ತು, ಅವಸರವೋ ಅವಸರ. ತಿಂಗಳು ತುಂಬುವುದರೊಳಗೆ ಬೀಳಗಿಯ ದಾರಿಯಲ್ಲಿ ಗಾಡಿ ಕಾಯ್ದು ನಿಂತಿತು. ಎಣ್ಣೆ ನೋಡುವ ಕಡ್ಡಿಯನ್ನೆಳೆದರೆ ಹಾಲು ಬೆರೆಸಿದ ಚಹದ ಬಣ್ಣ. ಒಳಗೆ ಬೇರಿಂಗಿನ ಬಡಿತ. ತಪ್ಪುಗಳು ಎರಡು ಆಗಿದ್ದವು: ಹೆಡ್ಡಿನ ಪ್ಯಾಕಿಂಗಿನದೊಂದು, ಎಣ್ಣೆಯದೊಂದು.

ಎರಡನೆಯ ಸಲ ಕೆಲಸವನ್ನು ವಹಿಸಿಕೊಂಡವರು ಹಳೆಯ ಮಿಸ್ತ್ರಿಯೊಬ್ಬರು. ನಾನು ಹೊಸ ಪ್ಯಾಕಿಂಗು ತರಲು ಹೊರಟಾಗ ಅವರು ತಡೆದು, "ತಮ್ಮಾ, ಗಾಡಿ ಹೆಸರ ಹೇಳಿ ತರಬ್ಯಾಡ. ಬೋರಿನ ಅಳತಿ ಹೇಳಿ ತಾ" ಎಂದರು. ಇದರ ಮರ್ಮವನ್ನು ಬಿಡಿಸಿ ಹೇಳಬೇಕು. ಸಿಲಿಂಡರಿನ ಮೂಲ ವ್ಯಾಸ 73 ಮಿಲಿಮೀಟರು. ನಮ್ಮದು ಬೋರ್ ಮಾಡಿಸಿದ ಮೇಲೆ 74 ಆಗಿತ್ತು. ಪ್ಯಾಕಿಂಗಿನ ತೂತು ಇದಕ್ಕಿಂತ ತುಸು ದೊಡ್ಡದಿರಲೇಬೇಕು. ಇಲ್ಲವಾದರೆ ಅದರ ಅಂಚು ಉರಿಯೊಳಗೆ ಚಾಚಿಕೊಂಡು, ಕೆಂಪಗೆ ಕಾದು, ಕಿಡಿ ಹಾರುವ ಮೊದಲೇ ಪೆಟ್ರೋಲಿಗೆ ಬೆಂಕಿ ಹಚ್ಚುತ್ತದೆ. ಕಡೆಗೆ ತಾನೂ ಸುಟ್ಟುಹೋಗುತ್ತದೆ. ನಾವು ಮೊದಲು ತಂದ ಪ್ಯಾಕಿಂಗಿನ ಒಂದು ಅಂಚು ಹಾಗೆಯೇ ಕರಕಾಗಿತ್ತು.

ದಪ್ಪವೂ ಗಣಿತದ ವಿಷಯವೇ. ಎಂಜಿನ್ನು 1489 ಘನ ಸೆಂಟಿಮೀಟರಿನದು. ನಾಲ್ಕರಲ್ಲಿ ಒಂದು ಸಿಲಿಂಡರಿಗೆ ಸುಮಾರು 372. ಒತ್ತುವ ಪ್ರಮಾಣವನ್ನು 7.2ಕ್ಕೆ 1 ಎಂದು ಹಿಡಿದರೆ, ಪಿಸ್ಟನ್ನು ಮೇಲೇರಿದಾಗ ಉಳಿಯುವ ಜಾಗ 60. ಪ್ಯಾಕಿಂಗು ಅರ್ಧ ಮಿಲಿಮೀಟರು ದಪ್ಪವಾದರೆ ಈ ಜಾಗಕ್ಕೆ ಎರಡು ಘನ ಸೆಂಟಿಮೀಟರು ಕೂಡಿ ಪ್ರಮಾಣ 7ಕ್ಕೆ ಇಳಿಯುತ್ತದೆ, ಗಾಡಿಯ ಕಸುವೂ ಇಳಿಯುತ್ತದೆ. ಹೆಡ್ಡನ್ನು ಹೆಚ್ಚು ತರೆಸಿ ತೆಳುವಾದ ಪ್ಯಾಕಿಂಗು ಹಾಕಿದರೆ ಇದಕ್ಕೆ ವಿರುದ್ಧವಾಗಿ ಎಂಜಿನ್ನು ಏರಿನಲ್ಲಿ ಕಟಕಟನೆ ಬಡಿಯುತ್ತದೆ.

ಇನ್ನು ಜಾತಿ. ಹಿಂದೆ ತಾಮ್ರದ ತಗಡುಗಳ ನಡುವೆ ಆಸ್ಬೆಸ್ಟಾಸ್ ಇಟ್ಟ ಪ್ಯಾಕಿಂಗುಗಳಿದ್ದವು. ಅದರ ಧೂಳು ಪುಪ್ಪುಸಕ್ಕೆ ಕೇಡು. ಹಳೆಯದನ್ನು ಕೆರೆಯುವಾಗ ಒಣಗಿದ್ದಂತೆಯೇ ಉಜ್ಜಬಾರದು. ಈಗ ಗ್ರಾಫೈಟಿನವೂ ಹಲವು ಪದರುಗಳ ಉಕ್ಕಿನವೂ ಬರುತ್ತವೆ. ಉಕ್ಕಿನದು ಬಲು ಗಟ್ಟಿ, ಆದರೆ ಕನ್ನಡಿಯಂತಹ ನಯವಾದ ಮೈ ಬೇಡುತ್ತದೆ. ನಮ್ಮ ಲೇಥಿನ ಕೆಲಸಕ್ಕೆ ಗ್ರಾಫೈಟಿನದೇ ಒಪ್ಪುವುದೆಂದು ಮಿಸ್ತ್ರಿ ಅದನ್ನೇ ಆರಿಸಿದರು. ಹೆಡ್ಡಿನ ಮೇಲೆ ನೇರವಾದ ಉಕ್ಕಿನ ಪಟ್ಟಿಯನ್ನಿಟ್ಟು, ಅಡಿಯಲ್ಲಿ 0.05 ಮಿಲಿಮೀಟರಿನ ತಗಡು ತೂರುವುದೇನೋ ಎಂದು ನೋಡಿದರು. ಸರಾಗವಾಗಿ ತೂರಿತು! ಹೆಡ್ಡು ಸೊಟ್ಟಗಾಗಿತ್ತು, ಮೊದಲ ಸಲ ಯಾರೂ ನೋಡಿರಲಿಲ್ಲ. ನೀರು ಎಣ್ಣೆಗಿಳಿದದ್ದು ಅಲ್ಲಿಂದಲೇ. ತರೆಸಿ ತಂದ ಮೇಲೆ ನಟ್ಟುಗಳನ್ನು ನಡುವಿನಿಂದ ಹೊರಗೆ, ಮೂರು ಸುತ್ತಿನಲ್ಲಿ, ಟಾರ್ಕ್ ಪಾನಾದಿಂದ ಬಿಗಿಸಿದರು.

ಇನ್ನು ಎಣ್ಣೆ. ಬಿಚ್ಚಿ ಜೋಡಿಸಿದ ಎಂಜಿನ್ನಿನ ಎಣ್ಣೆಯ ದಾರಿಗಳು ಬರಿದಾಗಿರುತ್ತವೆ. ಕೆಳಗೆ ತುಂಬಿದ ಎಣ್ಣೆ ಪಂಪಿನಿಂದೇರಿ ಬೇರಿಂಗಿಗೆ ಮುಟ್ಟುವವರೆಗೆ ಲೋಹಕ್ಕೆ ಲೋಹವೇ ತಾಗುವುದು. ಓಡುವ ಎಂಜಿನ್ನಿನಲ್ಲಿಯಾದರೋ ಕ್ರ್ಯಾಂಕು ಬೇರಿಂಗನ್ನು ಮುಟ್ಟುವುದೇ ಇಲ್ಲ, ಎಣ್ಣೆಯ ತೆಳು ಪದರಿನ ಮೇಲೆ ತೇಲುತ್ತದೆ. ಇದು ತಿಳಿದದ್ದು ವಿನೋದವಾಗಿ. 1883ರಲ್ಲಿ ಇಂಗ್ಲಂಡಿನ ಬೋಷಾಂ ಟವರ್ ಎಂಬವನು ರೈಲಿನ ಬೇರಿಂಗೊಂದನ್ನು ಪರೀಕ್ಷಿಸುವಾಗ ಅದರ ಮೇಲ್ಗಡೆಯ ತೂತಿನಿಂದ ಎಣ್ಣೆ ಉಕ್ಕಿತು. ಬೆಣೆ ಬಡಿದ; ಎಣ್ಣೆ ಬೆಣೆಯನ್ನೇ ಹೊರದೂಡಿತು! ತಿರುಗುವ ಅಚ್ಚೇ ಎಣ್ಣೆಯನ್ನೆಳೆದು ಅಷ್ಟು ಒತ್ತಡವನ್ನು ಹುಟ್ಟಿಸುತ್ತಿತ್ತು. ಇದರ ಗಣಿತವನ್ನು 1886ರಲ್ಲಿ ಓಸ್ಬೋರ್ನ್ ರೆನಾಲ್ಡ್ಸ್ ಬರೆದನು.

ನಾವು ಮೊದಲ ಸಲ ಎಣ್ಣೆ ಸುರಿದವರೇ ಗಾಡಿಯನ್ನು ನೂಕಿ ಚಾಲೂ ಮಾಡಿದ್ದೆವು. ಮಿಸ್ತ್ರಿ ಹಾಗೆ ಮಾಡಗೊಡಲಿಲ್ಲ. ಜೋಡಿಸುವಾಗಲೇ ಬೇರಿಂಗುಗಳಿಗೆ ಎಣ್ಣೆ ಸವರಿದ್ದರು. ಪಂಪಿನ ಹಲ್ಲುಗಳ ನಡುವೆ ವ್ಯಾಸಲಿನ್ ತುಂಬಿದ್ದರು, ಮೊದಲ ಸುತ್ತಿಗೇ ಅದು ಎಣ್ಣೆಯನ್ನೆಳೆಯಲೆಂದು. ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿ, ಕಾಯಿಲಿನ ತಂತಿ ತೆಗೆದು, ಎಣ್ಣೆಯ ದಾರಿಗೆ ಗೇಜು ಸಿಕ್ಕಿಸಿ ಸೆಲ್ಫು ತಿರುಗಿಸಿದರು. ಹತ್ತು ಸೆಕೆಂಡು ತಿರುಗಿಸುವುದು, ಬಿಡುವುದು. ಮುಳ್ಳು ಅಲುಗಲಿಲ್ಲ. ಕಾಕಾನ ಮುಖ ನೋಡಲಾಗುತ್ತಿರಲಿಲ್ಲ. ಐದನೆಯ ಸಲಕ್ಕೆ ಮುಳ್ಳು ನಡುಗಿ ಮೇಲೇರಿತು. ಆಮೇಲೆಯೇ ಪ್ಲಗ್ಗು ಹಾಕಿದ್ದು.

ಮೊದಲ ಎಣ್ಣೆ ತುಟ್ಟಿಯದಿರಬೇಕಾಗಿಲ್ಲ. ಹೊಸ ರಿಂಗುಗಳು ಸಿಲಿಂಡರಿನ ಗೋಡೆಗೆ ಉಜ್ಜಿಯೇ ಕೂಡಬೇಕು; ಸಿಂಥೆಟಿಕ್ ಎಣ್ಣೆಯ ಜಾರಿಕೆಯಲ್ಲಿ ಅವು ತಡವಾಗಿ ಕೂಡುತ್ತವೆಂದು ಅನುಭವಿಗಳ ಮತ. ಸಾದಾ ಖನಿಜ ಎಣ್ಣೆ, ನಮ್ಮ ಬಿಸಿಲಿಗೆ 20ಡಬ್ಲ್ಯು-50, ಸಾಕು. ಡಬ್ಬಿಯ ಮೇಲೆ ನೋಡತಕ್ಕದ್ದು ಸತುವಿನ ಸಂಯುಕ್ತವಿದೆಯೇ ಎಂಬುದು. ಹೊಗೆ ಶುದ್ಧಿ ಮಾಡುವ ಉಪಕರಣಕ್ಕೆ ಅದರೊಳಗಿನ ರಂಜಕ ಬಾಧಕವೆಂದು ಹೊಸ ಕಾರುಗಳ ಎಣ್ಣೆಯಲ್ಲಿ ಅದನ್ನು ಇಳಿಸಿದ್ದಾರೆ. ಹಳೆಯ ಎಂಜಿನ್ನಿನ ಚಪ್ಪಟೆ ಟ್ಯಾಪೆಟ್ಟುಗಳಿಗೆ ಅದೇ ರಕ್ಷೆ.

ಗಾಡಿ ಒಮ್ಮೆ ಕಾದು ಆರಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಸಿ, ಟ್ಯಾಪೆಟ್ಟಿನ ಸಂದನ್ನು ಅಳೆದರು. 500 ಕಿಲೋಮೀಟರಿಗೆ ಎಣ್ಣೆ ಇಳಿಸಿ ಬಿಳಿ ಅರಿವೆಯಲ್ಲಿ ಸೋಸಿದೆವು: ಬೂದಿಯಂತಹ ನುಣುಪು ಪುಡಿ ಬಿಟ್ಟರೆ ಲೋಹದ ಚೂರೊಂದೂ ಇರಲಿಲ್ಲ. ಕಾಕಾ ಆ ಅರಿವೆಯನ್ನು ಬಿಸಿಲಿಗೆ ಹಿಡಿದು ಎರಡೆರಡು ಸಲ ನೋಡಿದರು. ಮರುದಿನ ಬನಹಟ್ಟಿಯ ಬಾಡಿಗೆ ಒಪ್ಪಿಕೊಂಡರು.