ಬರದಲ್ಲಿ ಮನೆ ಬಿಟ್ಟ ಮಗು ಯಾವ ಪುಸ್ತಕದಲ್ಲಿದೆ?

ಕಡೂರು ತಾಲ್ಲೂಕಿನ ಪಂಚನಹಳ್ಳಿ ಸುತ್ತಿನ ಹಳೆಯ ಮನೆತನದವರು ವಂಶಾವಳಿ ಬರೆಯಲು ಕೂತರೆ ಐದಾರು ತಲೆ ಹಿಂದೆ ಎಲ್ಲೋ ಒಂದು ಕಡೆ ಕೊಂಡಿ ಕಳಚಿಕೊಳ್ಳುವುದುಂಟು. ಮೂವರು ಅಣ್ಣತಮ್ಮಂದಿರಲ್ಲಿ ಒಬ್ಬನ ಸಂತಾನ ಮಾತ್ರ ಮುಂದುವರಿದಿರುತ್ತದೆ. ಉಳಿದಿಬ್ಬರು ಏನಾದರು ಎಂದರೆ, ಬರದಲ್ಲಿ ಹೋದರು ಎಂಬ ಒಂದೇ ಮಾತು. ಹೋದವರೆಲ್ಲ ಸತ್ತರೇ? ಎಲ್ಲರೂ ಸಾಯಲಿಲ್ಲ. ಕೆಲವರನ್ನು, ಅದರಲ್ಲೂ ಮಕ್ಕಳನ್ನು, ಹುಡುಕಲು ದಾರಿಯಿದೆ.

ಆ ಬರ ಧಾತು ಮತ್ತು ಈಶ್ವರ ಸಂವತ್ಸರಗಳದ್ದು. 1876ರಲ್ಲಿ ಮುಂಗಾರು, ಹಿಂಗಾರು ಎರಡೂ ಕೈಕೊಟ್ಟವು. 1878ರವರೆಗೂ ನಾಡು ಮೇಲೇಳಲಿಲ್ಲ. ಬಾಬಾಬುಡನ್‌ಗಿರಿಯ ಆಚೆ ಮಳೆಯೋ ಮಳೆ, ಈಚೆ ಕಡೂರಿನ ಬಯಲಿಗೆ ಉಳಿದ ಮೋಡ ಮಾತ್ರ. ರಾಗಿ, ಜೋಳ, ಹುರುಳಿಯನ್ನೇ ನಂಬಿದ ಇಂಥ ಸೀಮೆಗೆ ಎರಡು ಮಳೆಗಾಲ ತಪ್ಪಿದರೆ ಕಣಜದಲ್ಲಿ ಏನು ಉಳಿದೀತು? 1871ರ ಗಣತಿಯಲ್ಲಿ ಮೈಸೂರು ಸಂಸ್ಥಾನದ ಜನ 50,55,412. ಹತ್ತು ವರ್ಷ ಕಳೆದು ಎಣಿಸಿದಾಗ 41,86,188. ಬೆಳೆಯಬೇಕಿದ್ದ ಸಂಖ್ಯೆ ಎಂಟೂವರೆ ಲಕ್ಷಕ್ಕೂ ಹೆಚ್ಚು ಇಳಿದಿತ್ತು. 1881ರಲ್ಲಿ ಅಧಿಕಾರ ಒಡೆಯರಿಗೆ ಮರಳಿದಾಗ ಅದರ ಜೊತೆಗೆ ಬಂದದ್ದು 80 ಲಕ್ಷ ರೂಪಾಯಿ ಸಾಲ.

ಬರದ ಹೊತ್ತಿನಲ್ಲಿ ಮೈಸೂರು ಆಳುತ್ತಿದ್ದದ್ದು ಬ್ರಿಟಿಷ್ ಕಮಿಷನ್. ವಿಕ್ಟೋರಿಯಾ ರಾಣಿಗೆ ಕೈಸರ್-ಎ-ಹಿಂದ್ ಬಿರುದನ್ನು ದೆಹಲಿ ದರ್ಬಾರಿನಲ್ಲಿ ಸಾರಿದ್ದು 1877ರ ಜನವರಿ 1ರಂದು, ಅದೇ ಬರದ ನಡುವೆ. ಬಡವರಿಗೆ ಸುಲಭವಾಗಿ ಕೊಟ್ಟರೆ ಸೋಮಾರಿಗಳಾಗುತ್ತಾರೆ ಎಂಬ ನಂಬಿಕೆ ಆ ಕಾಲದ ಇಂಗ್ಲೆಂಡಿನಲ್ಲಿ ಗಟ್ಟಿಯಾಗಿತ್ತು. ಅಲ್ಲಿ 1834ರ ಬಡವರ ಕಾನೂನಿನಡಿ ನಡೆದ ವರ್ಕ್‌ಹೌಸ್‌ಗಳಲ್ಲಿ ಗಂಡನನ್ನು ಒಂದು ಕಡೆ, ಹೆಂಡತಿಯನ್ನು ಇನ್ನೊಂದು ಕಡೆ, ಮಕ್ಕಳನ್ನು ಮತ್ತೊಂದು ಕಡೆ ಇಡುತ್ತಿದ್ದರು. ಅದೇ ನಂಬಿಕೆ ಹಡಗು ಹತ್ತಿ ಇಲ್ಲಿಗೂ ಬಂತು. ನೆರೆಯ ಮದ್ರಾಸ್ ಪ್ರಾಂತ್ಯದಲ್ಲಿ ರಿಚರ್ಡ್ ಟೆಂಪಲ್ ಗೊತ್ತುಮಾಡಿದ ಕೂಲಿ, ದಿನವಿಡೀ ಮಣ್ಣು ಹೊರುವ ಗಂಡಾಳಿಗೆ ಒಂದು ಪೌಂಡು ಧಾನ್ಯ, ಒಂದಾಣೆ. ಇದು ಮೈಯನ್ನು ಉಳಿಸಲಾರದು ಎಂದು ಅಲ್ಲಿನ ಆರೋಗ್ಯಾಧಿಕಾರಿ ಕಾರ್ನಿಶ್ ಆಗಲೇ ಪ್ರತಿಭಟಿಸಿದ್ದರು. ಮೈಸೂರಿಗೆ 1877ರಲ್ಲಿ ಕ್ಷಾಮದ ಕಮಿಷನರ್ ಆಗಿ ಬಂದ ಚಾರ್ಲ್ಸ್ ಎಲಿಯಟ್, ಕೈಕಾಲು ಗಟ್ಟಿಯಿದ್ದವರನ್ನು ಗಂಜಿ ಮನೆಗಳಿಂದ ದೊಡ್ಡ ಕಾಮಗಾರಿಗಳಿಗೆ ಕಳಿಸುವ ಏರ್ಪಾಡು ಮಾಡಿದರು.

ಗಂಜಿ ಮನೆಗೆ ಹೋದ ಅಜ್ಜ ಅಲ್ಲಿ ಲೆಕ್ಕಕ್ಕೆ ಸೇರುತ್ತಿದ್ದದ್ದು ಒಂದು ಹೊಟ್ಟೆಯಾಗಿ, ಹೆಸರಾಗಿ ಅಲ್ಲ. ಇಂಥ ಲೆಕ್ಕಗಳನ್ನು ಹೇಳುವ ಎಲಿಯಟ್ ಅವರ ಕ್ಷಾಮದ ವರದಿ 1878ರಲ್ಲಿ ಬೆಂಗಳೂರಿನಲ್ಲೇ ಅಚ್ಚಾಯಿತು. ಇಂಗ್ಲೆಂಡಿನ ವರ್ಕ್‌ಹೌಸ್‌ಗಳ ಕಥೆ ಹೆಸರಿನ ಈ ಒಂದು ವಿಷಯದಲ್ಲಿ ಬೇರೆ: 1869ರಿಂದ ಅಲ್ಲಿ ಒಳಗೆ ಬಂದವರ ಹೆಸರು, ಮತ, ಎಲ್ಲಿಂದ ಬಂದರು ಎಂಬುದನ್ನು ಬರೆದಿಡುವ ರಿಜಿಸ್ಟರ್ ಕಡ್ಡಾಯವಾಯಿತು. ಇಂದಿಗೂ ಇಂಗ್ಲೆಂಡಿನ ಮೊಮ್ಮಕ್ಕಳು ಅವನ್ನು ತಿರುವಿ ಮುತ್ತಜ್ಜಿಯನ್ನು ಕಂಡುಕೊಳ್ಳುತ್ತಾರೆ. ನಮ್ಮ ಹಿರಿಯರಿಗೆ ಅಷ್ಟೂ ದಕ್ಕಲಿಲ್ಲವಲ್ಲ ಎಂಬುದು ನನಗೆ ಇಂದಿಗೂ ನೋವಿನ ಸಂಗತಿ.

ನಮ್ಮಲ್ಲಿ ಹೆಸರು ಬರೆಸಿಕೊಂಡವರೆಂದರೆ ಅನಾಥ ಮಕ್ಕಳು. ಬರದ ನಂತರ ವೆಸ್ಲಿಯನ್ ಮಿಷನ್ ತುಮಕೂರಿನಲ್ಲಿ ಗಂಡುಮಕ್ಕಳಿಗೆ, ಹಾಸನದಲ್ಲಿ ಹೆಣ್ಣುಮಕ್ಕಳಿಗೆ ಅನಾಥಾಲಯ ನಡೆಸಿತು. ಕ್ಯಾಥೊಲಿಕ್ ಮಿಷನ್ ಕ್ಷಾಮದ ಅನಾಥರಿಗಾಗಿ ಬೇಸಾಯದ ಊರುಗಳನ್ನೇ ಕಟ್ಟಿತು. ನೆಲಮಂಗಲದ ಬಳಿಯ ಸಿಲುವೇಪುರ ಅಂಥ ಊರು. ಪಂಚನಹಳ್ಳಿಯಿಂದ ಅರಸೀಕೆರೆ ಹಾದು ಹೋದರೆ ಹಾಸನ, ಹುಳಿಯಾರು ಅಥವಾ ತಿಪಟೂರಿನ ಕಡೆ ತಿರುಗಿದರೆ ತುಮಕೂರು. ಹಾಗಾಗಿ ಈ ಸೀಮೆಯವರು ಮೊದಲು ಹುಡುಕಬೇಕಾದದ್ದು ಈ ಎರಡು ಊರುಗಳನ್ನು. ಅಣ್ಣ ಒಂದು ಊರಿಗೆ, ತಂಗಿ ಇನ್ನೊಂದು ಊರಿಗೆ ಹೋಗಿರಬಹುದು ಎಂಬುದನ್ನೂ ಮರೆಯಬಾರದು.

ಆ ಮಕ್ಕಳಿಗೆ ಅನ್ನ ಸಿಕ್ಕಿತು, ಅಕ್ಷರ ಸಿಕ್ಕಿತು. ಜೊತೆಗೆ ಹೊಸ ದೇವರು, ಎಷ್ಟೋ ಮಕ್ಕಳಿಗೆ ಹೊಸ ಹೆಸರು. ಊರಿನವರು ಅವರನ್ನು ಕುಲದಿಂದ ಹೊರಗಾದವರೆಂದು ಬಿಟ್ಟರು. ಆದರೆ ಸಾಯುತ್ತಿದ್ದ ಮಗುವನ್ನು ಎತ್ತಿಕೊಳ್ಳಲು ಆ ಹೊತ್ತಿಗೆ ಕುಲದವರ ಕೈಯಲ್ಲೂ ಶಕ್ತಿಯಿರಲಿಲ್ಲ. ಈ ಎರಡನ್ನೂ ಒಟ್ಟಿಗೆ ನೆನೆಯಬೇಕೆಂಬುದು ನನ್ನ ಭಾವನೆ.

ಹುಡುಕುವ ಕೆಲಸ ಮನೆಯಿಂದಲೇ ಶುರುವಾಗಲಿ. ನಮ್ಮಲ್ಲಿ ವಂಶ ಹೇಳುವುದನ್ನೇ ಕಸುಬು ಮಾಡಿಕೊಂಡ ಹೆಳವರಿದ್ದಾರೆ. ಎತ್ತಿನ ಮೇಲೆ ಕೂತು, ಕಾಲಿಗೆ ಕಂಬಳಿ ಸುತ್ತಿಕೊಂಡು, ಗಂಟೆ ಬಾರಿಸುತ್ತಾ ಬಂದು ಒಕ್ಕಲಿನ ಮನೆಯ ಮುಂದೆ ತಲೆಮಾರುಗಳನ್ನು ಹಾಡುತ್ತಿದ್ದರು; ದವಸ, ದನ, ದುಡ್ಡು ಪಡೆದು ಹೋಗುತ್ತಿದ್ದರು. ತಾಮ್ರಪಟ, ಓಲೆಗರಿಯಿಂದ ಹಿಡಿದು ದಪ್ಪ ರಟ್ಟಿನ ಪುಸ್ತಕದವರೆಗೆ ಅವರ ದಾಖಲೆ ಬೆಳೆದಿದೆ. ಯಾವ ಊರಿನಿಂದ ಎದ್ದು ಯಾವ ಊರಿಗೆ ಬಂದರು, ಬೆಡಗು ಯಾವುದು, ಯಾರಿಗೆ ಎಷ್ಟು ಮಕ್ಕಳು, ಎಲ್ಲವೂ ಅದರಲ್ಲಿ. ಮಗು ಕುಲದಿಂದಾಚೆ ಹೋದಲ್ಲಿ ಹೆಳವರ ಸಾಲು ನಿಲ್ಲುತ್ತದೆ. ಚರ್ಚಿನ ಸಾಲು ಅಲ್ಲಿಂದಲೇ ಶುರು. ಎರಡೂ ಪುಸ್ತಕಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಿದರಷ್ಟೇ ಕಳಚಿದ ಕೊಂಡಿ ಕೈಗೆ ಸಿಕ್ಕೀತು.

ಚರ್ಚಿನಲ್ಲಿ ಕೇಳಬೇಕಾದದ್ದು ದೀಕ್ಷಾಸ್ನಾನದ ಮತ್ತು ಮದುವೆಯ ರಿಜಿಸ್ಟರ್‌ಗಳನ್ನು. ಅನಾಥ ಮಗುವಿನ ಸಾಲಿನಲ್ಲಿ ತಂದೆ ತಾಯಿಯ ಕಲಂ ಖಾಲಿ ಇರಬಹುದು. ಆಗ ವಯಸ್ಸು ಮತ್ತು ವರ್ಷ ನೋಡಿ. ವೆಸ್ಲಿಯನ್ ಸಭೆಗಳು 1947ರಲ್ಲಿ ದಕ್ಷಿಣ ಭಾರತ ಸಭೆಗೆ, ಅಂದರೆ ಸಿಎಸ್ಐಗೆ ಸೇರಿದ್ದರಿಂದ ಈಗ ವಿಚಾರಿಸಬೇಕಾದವರು ಅವರೇ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನ ಪತ್ರಾಗಾರದಲ್ಲಿ ಮಿಷನ್ ಕಾಗದಗಳಿವೆ. ಪಾದ್ರಿಗಳು ಲಂಡನ್ನಿಗೆ ಬರೆದ ಪತ್ರ, ವರದಿಗಳು ಅಲ್ಲಿನ ಸೋಆಸ್ ಗ್ರಂಥಾಲಯದಲ್ಲಿವೆ. ಕಮಿಷನ್ ಆಡಳಿತದ ಕಡತಗಳಿಗೆ ಕರ್ನಾಟಕ ರಾಜ್ಯ ಪತ್ರಾಗಾರಕ್ಕೆ ಹೋಗಬೇಕು.

ಹೋಗುವ ಮುನ್ನ ಮನೆಯ ಹಿರಿಯರಿಂದ ಊರಿನ ಹೆಸರು, ಬೇಚಿರಾಕ್ ಆಗಿದ್ದರೆ ಅದರ ಪಕ್ಕದ ಊರು, ಮನೆದೇವರು, ಬೆಡಗು, ಹೋದ ಮಗುವಿನ ಅಂದಾಜು ವಯಸ್ಸು ಇಷ್ಟನ್ನು ಕೇಳಿ ಬರೆದುಕೊಳ್ಳಿ. ಇತ್ತ ಹಾಸನ, ತುಮಕೂರಿನ ಹಳೆಯ ಕ್ರೈಸ್ತ ಮನೆತನಗಳಲ್ಲೂ ತಮ್ಮ ಮೊದಲ ಹಿರಿಯ ಯಾವ ಊರಿನ ಕೂಸು ಎಂದು ಹುಡುಕುವವರಿರುತ್ತಾರೆ. ಅವರು ಪಂಚನಹಳ್ಳಿಗೆ ಬಂದು ಕೇಳಿದರೆ ಜಗಲಿಯ ಮೇಲೆ ಕೂರಿಸಿ, ಹೆಳವರ ಪುಸ್ತಕದ ಆ ಸಾಲನ್ನು ಅವರಿಗೂ ಓದಿ ಹೇಳಿ.